ಮೆದುಳಿನ ರಕ್ತನಾಳ ಕಿರಿದಾಗಿದೆ, ಸ್ಟೆಂಟ್ ಹಾಕಿಸ್ಬೇಕಾ?

ಪ್ರಶ್ನೆ: ಅಪ್ಪನಿಗೆ 66 ವರ್ಷ, ಬಿಪಿ ಶುಗರ್ ಎರಡೂ ಉಂಟು. ಹೋದ ತಿಂಗಳು ಊಟ ಮಾಡ್ತಾ ಇರುವಾಗ ಬಲಗೈಯಿಂದ ತುತ್ತು ಜಾರಿ ಬಿತ್ತು, ಮಾತು ತೊದಲಿತು, ಹತ್ತು ನಿಮಿಷದಲ್ಲಿ ಸರಿಯಾಯ್ತು. ಸ್ಕ್ಯಾನಲ್ಲಿ ಮೆದುಳಿನ ಒಳಗೆ ಎಡಬದಿಯ ರಕ್ತನಾಳ 75% ಕಿರಿದಾಗಿದೆ ಅಂತ ಬಂತು. ಡಾಕ್ಟ್ರು ಬರೀ ಮಾತ್ರೆ ಕೊಟ್ಟಿದ್ದಾರೆ. ಹಾರ್ಟಿಗೆ ಹಾಕಿದ ಹಾಗೆ ಸ್ಟೆಂಟ್ ಹಾಕಿಸಿ ಅಂತ ಮಾವ ಹೇಳ್ತಾರೆ. ಎದ್ದು ನಿಂತ್ರೆ ತಲೆ ತಿರುಗ್ತದಂತೆ, ಬಿಪಿ ಮಾತ್ರೆ ನಿಲ್ಲಿಸ್ಬಹುದಾ? (ಕಾಪುವಿನ ಓದುಗರು)

ಉತ್ತರ: "ಬರೀ ಮಾತ್ರೆ" ಅಂತ ದಯವಿಟ್ಟು ಅಂದ್ಕೊಳ್ಬೇಡಿ, ನಿಮ್ಮ ತಂದೆಯವರ ಸ್ಥಿತಿಯಲ್ಲಿ ಮೊದಲ ಚಿಕಿತ್ಸೆಯೇ ಅದು. ಅಮೆರಿಕದಲ್ಲಿ ಮೆದುಳಿನೊಳಗಿನ ನಾಳ 70ರಿಂದ 99% ಕಿರಿದಾಗಿದ್ದ 451 ಜನರ ಮೇಲೆ ಸ್ಯಾಂಪ್ರಿಸ್ ಅಂತ ಒಂದು ಅಧ್ಯಯನ ಆಯ್ತು, ಅರ್ಧ ಜನಕ್ಕೆ ಮಾತ್ರೆ ಮಾತ್ರ, ಉಳಿದವರಿಗೆ ಮಾತ್ರೆ ಜೊತೆ ಸ್ಟೆಂಟ್, ಅಂದ್ರೆ ನಾಳವನ್ನು ಅಗಲ ಮಾಡಿ ಹಿಡಿದಿಡುವ ಜಾಲರಿ ಕೊಳವೆ. 2011ರಲ್ಲಿ ಬಂದ ಫಲಿತಾಂಶ ನೋಡಿ, 30 ದಿನದೊಳಗೆ ಸ್ಟ್ರೋಕ್ ಅಥವಾ ಸಾವು ಆದದ್ದು ಸ್ಟೆಂಟ್ ಹಾಕಿದವರಲ್ಲಿ 14.7%, ಮಾತ್ರೆಯವರಲ್ಲಿ 5.8%. ಯಾಕೆ ಹೀಗೆ ಅಂದ್ರೆ ಈ ನಾಳದಿಂದ ಕೂದಲೆಳೆಯಂಥ ಸಣ್ಣ ಸಣ್ಣ ಕವಲುಗಳು ಮೆದುಳಿನ ಆಳಕ್ಕೆ ಹೋಗ್ತವೆ, ಸ್ಟೆಂಟ್ ಬಿಚ್ಚಿಕೊಳ್ಳುವಾಗ ಒಳಗಿನ ಜಿಡ್ಡು ಬದಿಗೆ ಒತ್ತಿ ಅವುಗಳ ಬಾಯಿ ಮುಚ್ಚಿಹೋಗ್ಬಹುದು. ಹಾರ್ಟಿನ ಲೆಕ್ಕ ಇಲ್ಲಿ ನಡೆಯೋದಿಲ್ಲ. ಮಾತ್ರೆ ಸರಿಯಾಗಿ ತಗೊಂಡೂ ಮತ್ತೆ ಮತ್ತೆ ಹೀಗಾದ್ರೆ ಆಗ ಸ್ಟೆಂಟ್ ಬಗ್ಗೆ ಯೋಚನೆ ಮಾಡ್ತಾರೆ. ಕುತ್ತಿಗೆಯ ನಾಳ ಕಿರಿದಾಗಿದ್ರೆ ಮಾತ್ರ ವಿಷಯ ಬೇರೆ, ಅಲ್ಲಿ ಆಪರೇಷನ್ನಿಂದ ನಿಜವಾಗಿ ಉಪಯೋಗ ಉಂಟು.

ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಮಾತ್ರೆ ಸುಮಾರು ಮೂರು ತಿಂಗಳು, ಆಮೇಲೆ ಒಂದೇ. ಯಾವುದನ್ನು ಯಾವಾಗ ನಿಲ್ಲಿಸೋದು ಅಂತ ಡಾಕ್ಟ್ರೇ ಹೇಳ್ಬೇಕು, ಹಲ್ಲು ಕೀಳಿಸ್ಲಿಕ್ಕೆ ಹೋಗುವಾಗ್ಲೂ ಕೇಳದೆ ನಿಲ್ಲಿಸ್ಬೇಡಿ. ಕೊಲೆಸ್ಟ್ರಾಲ್ ರಿಪೋರ್ಟ್ ನಾರ್ಮಲ್ ಅಂತ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬಿಡುವವರು ತುಂಬಾ ಜನ, ಆದ್ರೆ ಇಂಥವರಲ್ಲಿ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 70ಕ್ಕಿಂತ ಕೆಳಗೆ ಇರ್ಬೇಕು, ಲ್ಯಾಬಿನವರ ನಾರ್ಮಲ್ ಇವರಿಗೆ ಸಾಲೋದಿಲ್ಲ. ಬೀಡಿ ಸಿಗರೇಟ್ ಇದ್ರೆ ಇವತ್ತೇ ಬಿಡಿಸಿ. ಮೀನು ಸಾರು ತಿನ್ಲಿ, ಗಂಜಿಗೆ ಒಣಮೀನು, ಉಪ್ಪಿನಕಾಯಿ, ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ ಇದೆಲ್ಲ ಮಾತ್ರ ಬೇಡ.

ತಲೆ ತಿರುಗುವ ವಿಷಯ ಹಗುರವಾಗಿ ತಗೊಳ್ಬೇಡಿ. ನಾಳ ಕಿರಿದಾಗಿರುವಾಗ ಬಿಪಿ ದಡಕ್ಕಂತ ಇಳಿದ್ರೆ ಮೆದುಳಿಗೆ ರಕ್ತ ಇನ್ನೂ ಕಮ್ಮಿ ಆಗ್ತದೆ. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸಿದ್ರೆ ಬಿಪಿ ಏರಿ ಬೇರೆಯೇ ಅಪಾಯ. ಮಲಗಿದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ಬಿಪಿ ನೋಡಿ ಬರೆದಿಟ್ಟು ಈ ವಾರವೇ ಡಾಕ್ಟ್ರಿಗೆ ತೋರಿಸಿ, ಡೋಸ್ ಅವರು ಬದಲಿಸ್ತಾರೆ. ನಮ್ಮ ಕರಾವಳಿಯ ಏಪ್ರಿಲ್ ಮೇ ಸೆಕೆಯಲ್ಲಿ ಬೆವರು ಸುರಿದು ನೀರು ಕಮ್ಮಿಯಾದ್ರೂ ಹೀಗಾಗ್ತದೆ, ಏಕಾದಶಿ ಉಪವಾಸ ಸದ್ಯಕ್ಕೆ ಬೇಡ.

ಮತ್ತೆ ಕೈ ಸೋತ್ರೆ, ಬಾಯಿ ಸೊಟ್ಟ ಆದ್ರೆ, ಮಾತು ತೊದಲಿದ್ರೆ ಸರಿ ಆಗ್ತದಾ ಅಂತ ಕಾಯ್ಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡ್ಲಿಕ್ಕೆ ಇರೋದು ನಾಲ್ಕೂವರೆ ಗಂಟೆ ಮಾತ್ರ. ಮಣಿಪಾಲಕ್ಕೋ ಮಂಗಳೂರಿಗೋ, ಸಿಟಿ ಸ್ಕ್ಯಾನ್ ಇದ್ದು ಬೇಗ ಮುಟ್ಟುವ ಆಸ್ಪತ್ರೆ ಯಾವುದು ಅಂತ ಈಗಲೇ ನೋಡಿಟ್ಕೊಳ್ಳಿ. ಬಾಯಿಗೆ ನೀರಾಗ್ಲಿ ಮಾತ್ರೆಯಾಗ್ಲಿ ಹಾಕ್ಬೇಡಿ, ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಕೊಳ್ಳಿ, ಅಲ್ಲಿ ಹೋದ ಕೂಡ್ಲೇ ಅದನ್ನೇ ಮೊದಲು ಕೇಳ್ತಾರೆ.