ಫೋನ್ ಆಫ್ ಇದ್ದಾಗಲೂ ಮೇಲ್ ತೆರೆದದ್ದು ಯಾರು?

ಜಿಮೇಲ್, ಯಾಹೂ ಎಲ್ಲಾ ಒಂದೇ ಕಡೆ ತೋರಿಸೋ ಆ್ಯಪ್ ಹಾಕ್ಕೊಂಡೀನಿ, ನನ್ನ ಮೇಲ್ ಆ ಆ್ಯಪ್ ಕಂಪನಿಯ ಸರ್ವರ್‌ಗೂ, ಅಂದ್ರೆ ಅವರ ಕಂಪ್ಯೂಟರ್‌ಗೂ ಹೋಗ್ತದಾ, ಹೋದರೆ ಗೊತ್ತಾಗೋದು ಹೆಂಗ ಅಂತ ಕೇಳೀರಿ. ನನಗೆ ಗೊತ್ತಾಗಿದ್ದು ಕರೆಂಟ್ ಹೋಗಿದ್ದರಿಂದ.

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯೋನು ನಾನು. ಅವತ್ತು ಮಧ್ಯಾಹ್ನವೇ ಫೋನಿನ ಚಾರ್ಜ್ ಮುಗಿದಿತ್ತು. ಸಂಜೆ ಕರೆಂಟ್ ಬಂದ ಮೇಲೆ ಆಫೀಸ್ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆಗೆದು, ಪುಟದ ತೀರಾ ಕೆಳಗೆ ಬಲಗಡೆ ಸಣ್ಣ ಅಕ್ಷರದಲ್ಲಿ ‘ಡೀಟೇಲ್ಸ್’ ಅಂತ ಇರ್ತದಲ್ಲ, ಅದನ್ನ ಸುಮ್ಮನೆ ಒತ್ತಿದೆ. ಮೇಲ್ ಯಾವಾಗ, ಯಾವ ದಾರಿಯಿಂದ, ಎಲ್ಲಿಂದ ತೆರೆದಿದೆ ಅನ್ನೋ ಪಟ್ಟಿ ಬಂತು. 3.10, ಐಮ್ಯಾಪ್ (ಮೇಲ್ ಆ್ಯಪ್‌ಗಳು ಮೇಲ್ ತರಿಸೋ ದಾರಿ), ಅಮೆರಿಕ. 3.25, ಮತ್ತೆ ಅದೇ. ಆ ಹೊತ್ತಿನಲ್ಲಿ ನನ್ನ ಫೋನ್ ಮೇಜಿನ ಮೇಲೆ ಸತ್ತು ಬಿದ್ದಿತ್ತು, ನಾನು ವೇ ಬ್ರಿಜ್ ಹತ್ತಿರ ಲಾರಿ ಚೀಟಿ ನೋಡ್ತಿದ್ದೆ.

ಕಳ್ಳನಲ್ಲ, ನಾನೇ ಹಾಕ್ಕೊಂಡ ಆ್ಯಪ್! ಹೊಸ ಮೇಲ್ ಬಂದ ಕೂಡಲೇ ಟಿಣ್ ಅನ್ನಿಸೋಕೆ ಅದರ ಸರ್ವರ್ ನನ್ನ ಇನ್‌ಬಾಕ್ಸ್ ಕಾಯ್ತಾ ಕೂತಿತ್ತು. ಅದಕ್ಕೆ ಪಾಸ್‌ವರ್ಡೋ, ನಾವು ‘ಅಲೋ’ ಒತ್ತಿ ಕೊಟ್ಟ ಅನುಮತಿಯೋ ಅಲ್ಲೇ ಇಟ್ಕೊಂಡಿರ್ತಾರೆ. ಎನ್‌ಕ್ರಿಪ್ಶನ್, ಅಂದ್ರೆ ದಾರೀಲಿ ಯಾರೂ ಓದದಂಗೆ ಮುಚ್ಚಿ ಕಳಿಸೋದು, ಅದೆ ಅಂತಾರೆ, ಸುಳ್ಳಲ್ಲ. ಫೋನಿಂದ ಅವರ ತನಕ ಅದೆ, ಅವರಿಂದ ಗೂಗಲ್ ತನಕವೂ ಅದೆ. ನಡುವೆ, ಅವರ ಮನೆಯೊಳಗೆ, ಲಕೋಟೆ ಒಡೆದೇ ಇರ್ತದೆ.

ಎಲ್ಲರೂ ಕೂತು ಓದ್ತಾರೆ ಅಂತಲ್ಲ. ಆದರೆ ಬೇಡದ ಮೇಲ್ ನಿಲ್ಲಿಸಿಕೊಡ್ತಿದ್ದ ‘ಅನ್‌ರೋಲ್ ಮಿ’ಯ ಮಾಲೀಕ ಕಂಪನಿ, ಬಳಕೆದಾರರ ಮೇಲ್‌ಗೆ ಬಂದ ‘ಲಿಫ್ಟ್’ ಅನ್ನೋ ಟ್ಯಾಕ್ಸಿ ಕಂಪನಿಯ ರಸೀದಿಗಳ ಮಾಹಿತಿಯನ್ನ ಹೆಸರು ತೆಗೆದು ಅದರ ಎದುರಾಳಿ ಉಬರ್‌ಗೆ ಮಾರಿದ್ದು 2017ರಲ್ಲಿ ಹೊರಬಿತ್ತು. ಮಾರೋದಿರಲಿ, ಆ ಸರ್ವರ್‌ಗೆ ಯಾರಾದರೂ ಕನ್ನ ಹಾಕಿದರೆ? ನನ್ನ ಇನ್‌ಬಾಕ್ಸ್‌ನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು, ಅದನ್ನ ತೆರೆಯೋ ಪಾಸ್‌ವರ್ಡ್ ನನ್ನ ಹುಟ್ಟಿದ ತಾರೀಖು, ಆ ತಾರೀಖಿರೋ ಆಧಾರ್ ಪ್ರತಿಯೂ ಅಲ್ಲೇ. ಉಳಿದೆಲ್ಲಾ ಅಕೌಂಟ್‌ಗಳ ಪಾಸ್‌ವರ್ಡ್ ಬದಲಿಸೋ ಲಿಂಕ್ ಬರೋದೂ ಅದಕ್ಕೇ.

ನೀವೂ ಒಂದು ತಾಸು ಫೋನ್ ಆಫ್ ಮಾಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಆ ಪಟ್ಟಿ ನೋಡ್ರಿ. ಅಪರಿಚಿತ ಊರಿಂದ ಐಮ್ಯಾಪ್ ಕಂಡರೆ ನಿಮ್ಮ ಮೇಲ್ ಬೇರೆಯವರ ಸರ್ವರ್‌ಗೆ ಹೋಗ್ತಿರೋ ಸಾಧ್ಯತೆ ಜಾಸ್ತಿ. ಆ್ಯಪ್ ಅಳಿಸಿದರೆ ಸಾಲದು, ಫೋನಿಂದ ಮಾತ್ರ ಹೋಗ್ತದೆ. ಗೂಗಲ್ ಅಕೌಂಟ್‌ನ ಸೆಕ್ಯುರಿಟಿಗೆ ಹೋಗಿ ಥರ್ಡ್ ಪಾರ್ಟಿ (ಹೊರಗಿನವರ ಆ್ಯಪ್) ಪಟ್ಟಿಯಿಂದ ಅದನ್ನ ತೆಗೀರಿ. ಆ ಆ್ಯಪ್‌ಗೆ ಅಂತಲೇ ಗೂಗಲ್‌ನಲ್ಲಿ ಮಾಡಿದ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನೂ ರದ್ದು ಮಾಡ್ರಿ. ಯಾಹೂ ಪಾಸ್‌ವರ್ಡೂ ಬದಲಾಗಲಿ.

ನಾನೀಗ ಥಂಡರ್‌ಬರ್ಡ್ ಅನ್ನೋ ಮೇಲ್ ಆ್ಯಪ್ ಬಳಸ್ತೀನಿ, ಅದು ಫೋನಿಂದ ನೇರ ಗೂಗಲ್‌ಗೇ ಹೋಗ್ತದೆ. ಟಿಣ್ ಒಮ್ಮೊಮ್ಮೆ ತಡ. ಇರಲಿ, ಭತ್ತದ ರೇಟು ನಮಗೆ ಮೇಲ್‌ನಲ್ಲಿ ಬರಲ್ಲ.