ಲೆಕ್ಕದ ಮೇಷ್ಟ್ರ ಉತ್ತರ: ಈ ಸಲ ಸಾವಿರದ ಸುತ್ತ

ಪ್ರಶ್ನೆ: ಮೇಷ್ಟ್ರೇ, ನಮ್ಮ ಅಜ್ಜಿಗೆ ಸಹಸ್ರ ಚಂದ್ರದರ್ಶನ ಶಾಂತಿ ಮಾಡಿಸುವ ಮಾತು ನಡೆದಿದೆ. ವರ್ಷಕ್ಕೆ 12 ಹುಣ್ಣಿಮೆಯಂತೆ ಸಾವಿರ ಆಗಲು 83 ವರ್ಷ 4 ತಿಂಗಳು ಬೇಕು ಅಂತ ನನ್ನ ಲೆಕ್ಕ. ಭಟ್ಟರು 81ರ ಒಳಗೇ ಆಗುತ್ತೆ ಅಂತಾರೆ. ಯಾರದ್ದು ಸರಿ? (ಓದುಗರೊಬ್ಬರು, ತೀರ್ಥಹಳ್ಳಿ)

ಭಟ್ಟರದ್ದೇ ಸರಿ. ನಿಮ್ಮ ಭಾಗಾಕಾರ ತಪ್ಪಿಲ್ಲ, ಆದರೆ ಅಧಿಕ ಮಾಸ ಬಿಟ್ಟುಹೋಗಿದೆ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಹನ್ನೆರಡು ಹುಣ್ಣಿಮೆಗೆ 354 ದಿನ ಆಯ್ತು. ಸೂರ್ಯನ ವರ್ಷಕ್ಕೆ 365 ಕಾಲು ದಿನ ಬೇಕು. ವರ್ಷಕ್ಕೆ 11 ದಿನ ಹಿಂದೆ ಬೀಳುತ್ತದೆ, ಅಲ್ವಾ? ಮೂರು ವರ್ಷ ತುಂಬುವ ಹೊತ್ತಿಗೆ ಅದೇ ಒಂದು ತಿಂಗಳಾಗುತ್ತದೆ. ಆಗ ಪಂಚಾಂಗದಲ್ಲಿ ಒಂದು ತಿಂಗಳು ಜಾಸ್ತಿ ಸೇರಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ಲ, ಆ ಸಂವತ್ಸರಕ್ಕೆ 13 ಹುಣ್ಣಿಮೆ. 19 ವರ್ಷಕ್ಕೆ ಇಂಥ ಅಧಿಕ ಮಾಸ 7 ಬರುತ್ತವೆ. 19 ಗುಣಿಸು 12, ಅಂದರೆ 228ಕ್ಕೆ ಈ 7 ಕೂಡಿಸಿದರೆ 235 ಹುಣ್ಣಿಮೆ.

ಈಗ ಸಾವಿರ ಹುಣ್ಣಿಮೆಗೆ ದಿನ ಎಷ್ಟು? 29,530. ಅದನ್ನು 365.25ರಿಂದ ಭಾಗಿಸಿ: 80.85. ಅಂದರೆ 80 ವರ್ಷ 10 ತಿಂಗಳು. ಶಾಂತಿಯನ್ನು ಯಾವ ತಿಂಗಳಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ನಿಮ್ಮ ಮನೆಯ ಪದ್ಧತಿಗೆ ಬಿಟ್ಟದ್ದು.

ನಮ್ಮ ಅಪ್ಪಯ್ಯನ ಶಾಂತಿಯ ಹೊತ್ತಿಗೆ ಇದೇ ಲೆಕ್ಕವನ್ನು ಪಂಚಾಂಗದ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಮಾಡಿ ತೋರಿಸಿದ್ದೆ. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು. ಆಮೇಲೆ ಕೇಳಿದರು, "ಮಳೆಗಾಲದ ಹುಣ್ಣಿಮೆಯನ್ನೂ ಲೆಕ್ಕಕ್ಕೆ ಹಿಡೀತಾರನಾ?" ಎಂಥಾ ಪ್ರಶ್ನೆ ನೋಡಿ! ನಮ್ಮ ಮಲೆನಾಡಿನಲ್ಲಿ ಆಷಾಢ, ಶ್ರಾವಣ, ಭಾದ್ರಪದದ ಚಂದ್ರ ಮೋಡದ ಆಚೆಗೇ ಹುಟ್ಟಿ ಮುಳುಗುವುದು ಜಾಸ್ತಿ. ವರ್ಷಕ್ಕೆ ಮೂರು ಹುಣ್ಣಿಮೆ ಹಾಗೆ ಹೋದರೆ ಉಳಿಯುವುದು ಸರಾಸರಿ ಒಂಬತ್ತೂ ಚಿಲ್ಲರೆ. ಕಣ್ಣಾರೆ ಸಾವಿರ ನೋಡಬೇಕೆಂದರೆ 106 ವರ್ಷ ದಾಟಬೇಕು! ಶಾಸ್ತ್ರದವರು ಹುಟ್ಟಿದ ಚಂದ್ರನನ್ನು ಎಣಿಸುತ್ತಾರೆ, ಕಂಡವನನ್ನಲ್ಲ. ಆಗುಂಬೆಯವರ ಪುಣ್ಯ.

ಪ್ರಶ್ನೆ: ಗದ್ದೆ ತೆಗೆದು ಸಾವಿರ ಅಡಿಕೆ ಸಸಿ ಹಾಕುವ ಯೋಚನೆ ಇದೆ. ಗಿಡಕ್ಕೆ ಗಿಡ 9 ಅಡಿ. ಎಷ್ಟು ಜಾಗ ಬೇಕು? ಸರಿಯಾಗಿ ಚೌಕ ಬರುವ ಹಾಗೆ ನೆಡಬಹುದಾ? (ಕೃಷಿಕರು, ಸಾಗರ)

ಒಂದು ಗಿಡಕ್ಕೆ 9 ಗುಣಿಸು 9, ಅಂದರೆ 81 ಚದರಡಿ. ಸಾವಿರಕ್ಕೆ 81,000. ಗುಂಟೆಗೆ 1,089 ಚದರಡಿಯಂತೆ 74 ಗುಂಟೆ ಚಿಲ್ಲರೆ, ಅಂದರೆ 1 ಎಕರೆ 34 ಗುಂಟೆ. ಬಸಿಗಾಲುವೆಗೆ, ಓಡಾಡುವ ದಾರಿಗೆ ಜಾಗ ಬೇರೆ ಬೇಕು. ಎರಡು ಎಕರೆ ಅಂತಲೇ ಇಟ್ಟುಕೊಳ್ಳಿ.

ಚೌಕ ಮಾತ್ರ ಆಗುವುದಿಲ್ಲ. 31 ಸಾಲಿಗೆ 31ರಂತೆ ಹಾಕಿದರೆ 961 ಗಿಡ, 39 ಸಸಿ ಕೈಯಲ್ಲೇ ಉಳಿಯುತ್ತವೆ. 32ಕ್ಕೆ 32 ಅಂದರೆ 1,024 ಬೇಕು, 24 ಸಾಲದು. ಕಾರಣ ಸಂಖ್ಯೆಯ ಒಳಗೇ ಇದೆ. ಸಾವಿರವನ್ನು ಬಿಡಿಸಿದರೆ ಮೂರು ಎರಡು, ಮೂರು ಐದು ಸಿಗುತ್ತವೆ: 2×2×2×5×5×5. ಚೌಕ ಆಗಬೇಕಾದರೆ ಎಲ್ಲವೂ ಜೋಡಿ ಜೋಡಿಯಾಗಿ ಸಿಗಬೇಕು. ಇಲ್ಲಿ ಮೂರು ಮೂರು ಇವೆ. ಹಾಗಾಗಿ ಸಾವಿರ ಘನ ಆಗುತ್ತದೆ, ವರ್ಗ ಆಗುವುದಿಲ್ಲ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 16. ಅವುಗಳಲ್ಲಿ ಚೌಕಕ್ಕೆ ಹತ್ತಿರದ ಜೋಡಿ 25 ಮತ್ತು 40. ಎರಡು ಸಾಲಿಗೊಂದು ಬಸಿಗಾಲುವೆ ತೆಗೆಯುವುದಾದರೆ ಸಾಲು ಸಮಸಂಖ್ಯೆಯಲ್ಲಿರಲಿ. ಒಂದು ಸಾಲಿಗೆ 25 ಗಿಡದಂತೆ 40 ಸಾಲು ಹಾಕಿ. ಗಿಡ ನಿಲ್ಲುವ ಜಾಗ 225 ಅಡಿಗೆ 360 ಅಡಿ ಬರುತ್ತದೆ. ಜಾಗ ಉದ್ದಕ್ಕೆ, ಕಿರಿದಾಗಿದ್ದರೆ 50 ಗಿಡದ 20 ಸಾಲು.

ಪ್ರಶ್ನೆ: ನಮ್ಮ ಊರಿನ ಇತಿಹಾಸ ಓದುವಾಗ "ಸಾಂತಳಿಗೆ ಸಾವಿರ" ಅಂತ ಬರುತ್ತದೆ. ಏನದು ಸಾವಿರ? (ಕಾಲೇಜು ವಿದ್ಯಾರ್ಥಿ, ಹೊಸನಗರ)

ಹೊಂಬುಜದಿಂದ ಸಾಂತರರು ಆಳಿದ ನಾಡಿನ ಹೆಸರು ಅದು. ಆಗ ನಾಡಿನ ಹೆಸರಿನ ಜೊತೆಗೇ ಒಂದು ಅಂಕಿ ಹೇಳುವ ರೂಢಿ ಇತ್ತು. ಪಕ್ಕದಲ್ಲೇ ಬನವಾಸಿ 12,000. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅದರ ರಾಜಧಾನಿಯಾಗಿತ್ತು. ಗಂಗವಾಡಿ 96,000, ನೊಳಂಬವಾಡಿ 32,000. ಈ ಅಂಕಿ ಹಳ್ಳಿಗಳದ್ದೋ ಕಂದಾಯದ್ದೋ ಎಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗಂಗವಾಡಿಯಲ್ಲಿ 96,000 ಹಳ್ಳಿ ಇದ್ದವು ಎಂದು ನಂಬುವುದು ನನಗಂತೂ ಕಷ್ಟ. ಆದರೆ ಬನವಾಸಿಯ ಒಳಗೇ ನಾಗರಖಂಡ 70 ಅಂತ ಒಂದು ಭಾಗವಿದೆ. ಎಪ್ಪತ್ತು ಹಳ್ಳಿ ಅಂದರೆ ಎಣಿಸಿದ ಲೆಕ್ಕವೇ ಇರಬಹುದು ಅನ್ನಿಸುತ್ತದೆ. ಅಂಕಿ ದೊಡ್ಡದಾಗಿ ಗುಂಡಗಾದಷ್ಟೂ ಎಣಿಕೆ ಕಮ್ಮಿ, ಗೌರವ ಜಾಸ್ತಿ ಅಂತ ನನ್ನ ಅಭಿಪ್ರಾಯ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಅನ್ನುವಾಗ ಯಾರೂ ಸುಳ್ಳು ಎಣಿಸುತ್ತಾ ಕೂರುವುದಿಲ್ಲ. ಪೂಜೆಯಲ್ಲಿ ವಿಷ್ಣುಸಹಸ್ರನಾಮ ಹೇಳುವಾಗ ಮಾತ್ರ ಹೆಸರು ಸಾವಿರವೇ ಆಗಬೇಕು, ಒಂದೂ ಬಿಡುವ ಹಾಗಿಲ್ಲ. ಎರಡೂ ನಮ್ಮದೇ ಬಳಕೆ. ಶಾಸನ ಓದುವಾಗ ಇದು ಯಾವ ಬಗೆಯ ಸಾವಿರ ಅಂತ ಮೊದಲು ಕೇಳಿಕೊಳ್ಳಿ.

ಪ್ರಶ್ನೆ: ಸಾವಿರದ ಮೇಲೆ ಒಂದು ಮ್ಯಾಜಿಕ್ ಹೇಳಿಕೊಡಿ ಸಾರ್. (ಏಳನೇ ಕ್ಲಾಸಿನ ಹುಡುಗಿ, ಶಿವಮೊಗ್ಗ)

ತಗೋ ಪುಟ್ಟಿ. ಗೆಳತಿಗೆ ಮೂರಂಕಿಯ ಒಂದು ಸಂಖ್ಯೆ ಬರೆಯಲು ಹೇಳು. ಅದನ್ನೇ ಪಕ್ಕದಲ್ಲಿ ಇನ್ನೊಂದು ಸಲ ಬರೆಯಲಿ. 347 ಅಂದುಕೊಂಡರೆ 347347. ಈಗ 7ರಿಂದ ಭಾಗಿಸಲು ಹೇಳು: 49621. ಬಂದದ್ದನ್ನು 11ರಿಂದ: 4511. ಅದನ್ನು 13ರಿಂದ: 347! ಹೊರಟಲ್ಲಿಗೇ ವಾಪಸ್. ಒಂದು ಸಂಖ್ಯೆಯನ್ನು ಎರಡು ಸಲ ಬರೆಯುವುದೂ ಅದನ್ನು 1001ರಿಂದ ಗುಣಿಸುವುದೂ ಒಂದೇ. 7×11×13 ಮಾಡಿ ನೋಡು, 1001 ಬರುತ್ತದೆ.

ಸಾವಿರದ ಇನ್ನೊಂದು ಪಕ್ಕದಲ್ಲಿ 999 ಇದೆ. ಅದು 27×37. ಯಾವುದೇ ಆರಂಕಿ ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಒಡೆದು ಕೂಡಿಸು. ಮೊತ್ತ 37ರಿಂದ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗುತ್ತದೆ. 347652 ತಗೋ: 347ಕ್ಕೆ 652 ಕೂಡಿಸಿದರೆ 999. ಯಾಕೆ ಹೀಗೆ ಅಂತ ನೀನೇ ಹುಡುಕಿ ಬರೆದು ಕಳಿಸು. ಬೇಕಾದರೆ ಅಣ್ಣನನ್ನೂ ಕೂರಿಸಿಕೋ, ಆದರೆ ಮೊದಲ ಎರಡು ಸಾಲು ನೀನೇ ಬರಿ.