ದಿನಾ ನಾಲ್ಕು ತಾಸು ಗೇಮ್ ಆಡ್ತೀನಿ, ವರ್ಷಗಟ್ಟಲೆ ಆಡಿದ ಅನುಭವ ಇದೆಯಲ್ಲ. ಕೆಲಸ ಬಿಟ್ಟು ಗೇಮ್ ಡಿಸೈನ್ ಕೋರ್ಸ್ ಸೇರಲಾ?

ಸದ್ಯಕ್ಕೆ ಬೇಡ. ನಾನೂ ಆಡುತ್ತಾ ಆಡುತ್ತಾ ಗೇಮ್ ಡಿಸೈನ್ ಕೆಲಸಕ್ಕೆ ಬಂದವನೇ. ಆದರೆ "ವರ್ಷಗಟ್ಟಲೆ ಆಡಿದ ಅನುಭವ ಇದೆಯಲ್ಲ" ಅಂತ ಬರೆದಿದ್ದೀರಿ, ಅದನ್ನು ಒಪ್ಪಲಾರೆ. ಮೊದಲು ಅಡ್ಡ ಬರುವುದೇ ಆ ಅನುಭವ.

ಪಳಗಿದ ಆಟಗಾರರು ಗೇಮ್ ಮಾಡಿದಾಗ ಅದನ್ನು ತಮ್ಮ ಕೈಗೇ ಹೊಂದಿಸಿಕೊಳ್ಳುತ್ತಾರೆ. ತಮ್ಮದೇ ಲೆವೆಲ್ ನೂರಾರು ಸಲ ಆಡಿ ಬೇಜಾರಾಗಿ ಹಾರಿ ದಾಟಬೇಕಾದ ಗುಂಡಿಯನ್ನು ಅಗಲ ಮಾಡುತ್ತಾರೆ, ಶತ್ರುವಿನ ವೇಗ ಏರಿಸುತ್ತಾರೆ. ಹೊಸಬರು ಎರಡೇ ನಿಮಿಷಕ್ಕೆ ಕೈಬಿಡುತ್ತಾರೆ. ಜಂಪ್ ಒಂದನ್ನೇ ತೆಗೆದುಕೊಳ್ಳಿ. ಹೊಸಬರು ಗುಂಡಿಯ ಅಂಚು ದಾಟಿ ಎರಡು ಮೂರು ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರ) ಕಳೆದ ಮೇಲೆ ಬಟನ್ ಒತ್ತುತ್ತಾರೆ. ಕೋಡ್ ಲೆಕ್ಕದಲ್ಲಿ ಆಗ ಕಾಲು ನೆಲದ ಮೇಲಿಲ್ಲ. ಹಾರುವ ಬದಲು ಬಿದ್ದು ಸಾಯುತ್ತಾರೆ, "ಒತ್ತಿದೆನಲ್ಲ!" ಎನ್ನುತ್ತಾರೆ. ಅದಕ್ಕೇ ನೆಲ ಬಿಟ್ಟ ಮೇಲೂ ಸುಮಾರು 0.1 ಸೆಕೆಂಡ್, ಅಂದರೆ ಸೆಕೆಂಡಿಗೆ 60 ಫ್ರೇಮ್ ಇದ್ದರೆ 6 ಫ್ರೇಮ್, ಹಾರಲು ಬಿಡಬೇಕು. ಕಯೋಟಿ ಟೈಮ್ ಅನ್ನುವುದು ಇದಕ್ಕೇ. 2018ರ ಸೆಲೆಸ್ಟ್‌ನಂಥ ಕಷ್ಟದ ಗೇಮ್‌ನಲ್ಲೂ ಇದೆ. ನೆಲ ಮುಟ್ಟುವುದಕ್ಕೆ ತುಸು ಮುಂಚೆ ಒತ್ತಿದ್ದನ್ನೂ ಅಷ್ಟೇ ಹೊತ್ತು ನೆನಪಿಟ್ಟು, ಮುಟ್ಟಿದ ಕೂಡಲೇ ಹಾರಿಸಿ. ನಿಮ್ಮ ಕೈಗೆ ಇದರ ಅಗತ್ಯವೇ ಬೀಳುವುದಿಲ್ಲ, ಹಾಗಾಗಿ ಹೊಳೆಯುವುದೂ ಇಲ್ಲ.

ಹೊಳೆಯಬೇಕಾದರೆ ಗೇಮ್ ಆಡದವರ ಕೈಗೆ ಕೊಡಿ. ಐದು ಜನ ಸಾಕು. ಹಿಂದೆ ಕೂತು ಎಲ್ಲಿ ನಿಂತರು, ಎಲ್ಲಿ ಸತ್ತರು, ಏನನ್ನು ಒತ್ತಿ ನೋಡಿದರು ಅಂತ ಬರೆದುಕೊಳ್ಳಿ. "ಅಲ್ಲಿ ಬಾಗಿಲಿದೆ" ಅಂತ ಬಾಯಿಬಿಟ್ಟರೆ ಆ ಪರೀಕ್ಷೆ ಕೆಟ್ಟಿತು. ಮೂವರು ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ತಪ್ಪು ಲೆವೆಲ್‌ನದ್ದು.

ಕೋಡ್ ಬರದಿದ್ದರೆ ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರದಿಂದ ಶುರುಮಾಡಿ, ನಿಜವಾಗಿ ಹೇಳುತ್ತಿದ್ದೇನೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವನ್ನು ತೆಗೆದು ಆಡಿಸಿ ನೋಡಿ. ಹೊಂಚು ಹಾಕುತ್ತಿದ್ದವರೆಲ್ಲ ಸುಮ್ಮನೆ ಓಡತೊಡಗುತ್ತಾರೆ. ಒಂದು ನಿಯಮ ಆಡುವವರ ನಡವಳಿಕೆಯನ್ನು ಹೇಗೆ ತಿರುಗಿಸುತ್ತದೆ ಅಂತ ಮೊದಲೇ ಊಹಿಸುವುದು, ಆಮೇಲೆ ತಾಳೆ ನೋಡುವುದು: ಡಿಸೈನರ್ ಸಂಬಳ ಪಡೆಯುವುದು ಈ ಕೆಲಸಕ್ಕೆ.

ಆಮೇಲೆ ಗೇಮ್ ಮಾಡುವ ತಂತ್ರಾಂಶ ಗೋಡೋ ಹಾಕಿಕೊಳ್ಳಿ, ಉಚಿತ. ಒಂದೇ ಪರದೆಯ, ಐದು ನಿಮಿಷದಲ್ಲಿ ಮುಗಿಯುವ ಗೇಮ್ ಮಾಡಿ. ಓಪನ್ ವರ್ಲ್ಡ್ ಬೇಡವೇ ಬೇಡ. ಅದರದ್ದೇ ಭಾಷೆ ಜಿಡಿಸ್ಕ್ರಿಪ್ಟ್‌ನಲ್ಲೇ ಬರೆಯಿರಿ, ಇನ್ನೊಂದು ಭಾಷೆ ಸಿ ಶಾರ್ಪ್‌ನದ್ದನ್ನು ವೆಬ್‌ಗೆ ತರುವುದು ತಾಪತ್ರಯ. ವೆಬ್ ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಬ್ರೌಸರ್‌ನಲ್ಲಿ ಓಡುವಂತೆ ಹೊರತೆಗೆಯುವಾಗ, ಫೈಲಿಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತಲೇ ಹೆಸರಿಟ್ಟು ಜಿಪ್ ಮಾಡಿ ಗೇಮ್ ಹಂಚುವ ತಾಣ ಇಚ್ ಡಾಟ್ ಐಓಗೆ ಹಾಕಿ. ಬೇರೆ ಹೆಸರಿಟ್ಟರೆ ಗೇಮ್ ತೆರೆಯುವುದಿಲ್ಲ.

ಇಂಥ ಮೂರು ಮುಗಿಸಿ. ಪ್ರತಿಯೊಂದರ ಜೊತೆ ಒಂದು ಪುಟ: ಆಡಿದವರು ಎಲ್ಲಿ ಎಡವಿದರು, ನೀವು ಯಾವ ಸಂಖ್ಯೆ ಬದಲಿಸಿದಿರಿ, ಆಮೇಲೆ ಏನಾಯಿತು. ಇದಕ್ಕೆ ಸಂಜೆಗಳು, ಭಾನುವಾರಗಳು ಸಾಕು. ಆ ಪುಟ, ಬ್ರೌಸರ್‌ನಲ್ಲೇ ಓಡುವ ಲಿಂಕ್ ಎರಡನ್ನೂ ಗೇಮ್ ಕಂಪನಿಗೆ ಹಾಕುವ ಅರ್ಜಿಗೆ ಸೇರಿಸಿ. ಸಂಬಳದ ಕೆಲಸ ಕೈಗೆ ಬಂದ ಮೇಲೆ ರಾಜೀನಾಮೆ ಬರೆಯಿರಿ.